ಕಾರ್ಡಿನ ಮೂರನೇ ಸಾಲು

ಮಾರ್ನಿಯ ಎಡಗೈ ಹೆಬ್ಬೆರಳು ತಾನಾಗಿಯೇ ಎದ್ದು ಕುಣಿಯಿತು!

ಅವಳು ಕುಣಿಸಿದ್ದಲ್ಲ. ಯಾರೂ ಮುಟ್ಟಿದ್ದೂ ಇಲ್ಲ. ತಲೆಯ ಬಲಭಾಗಕ್ಕೆ ಆನಿಸಿದ್ದ ಎಂಟರ ಆಕಾರದ ಕಪ್ಪು ಸುರುಳಿ 'ಟಕ್' ಎಂದಿತ್ತು, ಇತ್ತ ಬೆರಳು ಜಿಗಿದಿತ್ತು.

"ಏಯ್! ಏನ್ ಮಾಡಿದ್ರಿ ನನಗೆ?"

"ಹೆದರ್ಕೋಬೇಡಿ. ನಿಮಗೆ ಎಷ್ಟು ಜೋರು ಇಡಬೇಕು ಅಂತ ಅಳತೆ ನೋಡಿದ್ದು. ಬೆರಳು ಅಲ್ಲಾಡ್ತು ಅಂದ್ರೆ ಅಳತೆ ಸಿಕ್ತು ಅಂತ."

"ನನ್ನ ಬೆರಳು ನನ್ನ ಮಾತು ಬಿಟ್ಟು ನಿಮ್ಮ ಮಾತು ಕೇಳ್ತಲ್ಲ, ಹೆದರಬಾರದಾ?"

ಹಿಂದಿನಿಂದ ಸಣ್ಣಗೆ ನಕ್ಕ ಸದ್ದು. ಮಾರ್ನಿ ಸರಕ್ಕನೆ ತಿರುಗಿದಳು.

ಕಂದು ಗಡ್ಡ, ಮೊಣಕೈ ಹತ್ತಿರ ತೇಪೆ ಹಾಕಿದ ಉಣ್ಣೆ ಸ್ವೆಟರ್, ಕತ್ತಿನಲ್ಲಿ ನೇತಾಡುವ ಗುರುತಿನ ಚೀಟಿ. ಫರ್ಗಸ್ ಒಗಿಲ್ವಿ. ಯಂತ್ರ ನಡೆಸುವವನು. ದನಿ ಮೃದು, ಕಣ್ಣೂ ಮೃದು.

*ಮೃದು ದನಿಯ ಗಂಡಸರು... ದೇವರೇ ಕಾಪಾಡಬೇಕು,* ಎಂದುಕೊಂಡಳು ಮಾರ್ನಿ.

ಅವಳನ್ನು ತಪ್ಪು ತಿಳಿಯಬೇಡಿ. ಮಾರ್ನಿ ಪಾಸ್ಕೋ ಹುಟ್ಟಾ ಅನುಮಾನದವಳಲ್ಲ. ಐದು ವರ್ಷ ಜೊತೆಗಿದ್ದ ಡ್ಯಾರೆಲ್ ಎಂಬ ಮಹಾನುಭಾವ "ನಾನೆಲ್ಲಿಗೆ ಹೋಗ್ತೀನಿ ಮಾರ್ನಿ?" ಎನ್ನುತ್ತಲೇ ಒಂದು ಮಂಗಳವಾರ ಪರ್ತ್ ಕಡೆ ಗಣಿ ಕೆಲಸಕ್ಕೆ ಹೋದವನು ವಾಪಸ್ ಬರಲಿಲ್ಲ. ಅಂದಿನಿಂದ ಹಾಲಿನ ಬಾಟಲಿ ಮೇಲಿನ ತಾರೀಖನ್ನೂ ಎರಡು ಸಲ ನೋಡುವ ಅಭ್ಯಾಸ ಅವಳಿಗೆ.

ಅದಾದ ಎರಡು ತಿಂಗಳಿಗೆ ಸೇತುವೆಯ ಮೇಲೆ ಆ ಘಟನೆ ನಡೆಯಿತು.

ಹೋಬಾರ್ಟ್ ನಗರದಲ್ಲಿ ಬಸ್ ಓಡಿಸುವವಳು ಮಾರ್ನಿ. ನದಿಯ ಈ ದಡದಿಂದ ಆ ದಡಕ್ಕೆ, ಟಾಸ್ಮನ್ ಸೇತುವೆ ಮೇಲೆ, ದಿನಕ್ಕೆ ಎಂಟು ಸಲ. ಏಳು ವರ್ಷ ಓಡಿಸಿದ್ದಳು. ಒಂದು ಬೆಳಿಗ್ಗೆ, ಸೇತುವೆಯ ನೆತ್ತಿಯ ಮೇಲೆ, ಯಾವ ಕಾರಣವೂ ಇಲ್ಲದೆ ಎದೆ ಹೊಡೆದುಕೊಳ್ಳಲು ಶುರುವಾಯಿತು. ಉಸಿರು ಸಿಗಲಿಲ್ಲ. ಕೈಗಳು ಸ್ಟೀರಿಂಗಿಗೆ ಅಂಟಿಕೊಂಡವು. ಮೂವತ್ತೆಂಟು ಜನರಿದ್ದ ಬಸ್ಸನ್ನು ನಡುಸೇತುವೆಯಲ್ಲಿ ನಿಲ್ಲಿಸಿ ಕೂತುಬಿಟ್ಟಳು. ಹಿಂದಿನ ಬಸ್ಸಿನ ಡ್ರೈವರ್ ನಡೆದು ಬಂದು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

ಅಂದಿನಿಂದ ಅವಳು ಡಿಪೋದಲ್ಲಿ ಬಸ್ ತೊಳೆಯುತ್ತಿದ್ದಾಳೆ. ಸೇತುವೆ ಕಂಡರೆ ಸಾಕು, ಅಂಗೈ ಬೆವರುತ್ತದೆ. ನದಿ ದಾಟಬೇಕೆಂದರೆ ದೋಣಿ.

ಡಿಪೋದವರು ಗಡುವು ಕೊಟ್ಟಿದ್ದರು. ಆಗಸ್ಟ್ ಮುಗಿಯುವುದರೊಳಗೆ ಪ್ರಯಾಣಿಕರನ್ನು ಕೂರಿಸಿಕೊಂಡು ಸೇತುವೆ ದಾಟಿ ತೋರಿಸಬೇಕು. ಇಲ್ಲದಿದ್ದರೆ ಸ್ಟೀರಿಂಗ್ ಮರೆತುಬಿಡಬೇಕು, ಶಾಶ್ವತವಾಗಿ.

ಹಾಗಾಗಿ ಈ ಕುರ್ಚಿ. ಮಿದುಳಿಗೆ ಕಾಂತದ ಮಿಡಿತ ಕೊಟ್ಟರೆ ಆತಂಕ ಇಳಿಯುತ್ತದೆಯೇ ಎಂಬ ಅಧ್ಯಯನ. ನಾಲ್ಕು ವಾರ, ಇಪ್ಪತ್ತು ದಿನ, ದಿನಕ್ಕೆ ಅರ್ಧ ಗಂಟೆ.

ಆದರೆ ಒಂದು ಷರತ್ತಿತ್ತು. ಅರ್ಧ ಜನಕ್ಕೆ ಮಾತ್ರ ನಿಜವಾದ ಮಿಡಿತ. ಉಳಿದರ್ಧಕ್ಕೆ ಬರೀ ಟಕಟಕ ಸದ್ದು! ಯಾರಿಗೆ ಯಾವುದು ಎಂದು ಯಾರಿಗೂ ಹೇಳುವುದಿಲ್ಲ.

ಅನುಮಾನದ ಹುಡುಗಿಗೆ ಎಂಥಾ ಚಿಕಿತ್ಸೆ ಸಿಕ್ಕಿತು ನೋಡಿ!

"ಶುರು ಮಾಡ್ತೀನಿ," ಎಂದ ಫರ್ಗಸ್. ಸದ್ದು ತಡೆಯಲು ಕಿವಿಗಿಡುವ ಬೆಣೆ ಕೊಟ್ಟ. ಆಮೇಲೆ ಅವಳ ಕಡೆ ಬಾಗಿ ಮೆಲ್ಲಗೆ ಹೇಳಿದ. "ಸದ್ದು ಜೋರಾಗಿರುತ್ತೆ. ನೋವಾದ್ರೆ ಕೈ ಎತ್ತಿ. ನಾನು ಇಲ್ಲೇ ಇದ್ದೀನಿ, ಎಲ್ಲಿಗೂ ಹೋಗಲ್ಲ."

ಎಲ್ಲಿಗೂ ಹೋಗಲ್ಲ...

ಡ್ಯಾರೆಲ್ ಕೂಡ ಇಂಥದ್ದೇ ಮಾತು ಆಡಿದ್ದ. ನಂಬಬಾರದ ಮಾತೇ ಅದು. ಆದರೂ ಆ ಅರ್ಧ ಗಂಟೆ ಅದನ್ನೇ ಹಿಡಿದುಕೊಂಡು ಕೂತಳು.

ಟಕ್... ಟಕ್... ಟಕ್... ಸೆಕೆಂಡಿಗೊಂದು. ಬಸ್ಸಿನ ಇಂಡಿಕೇಟರ್ ಸದ್ದಿನ ಹಾಗೆ.

ಮುಗಿದಾಗ ಫರ್ಗಸ್ ಅವಳ ಕೈಗಳ ಕಡೆ ನೋಡುತ್ತಿದ್ದ. "ಕುರ್ಚಿ ಹಿಡಿಯನ್ನ ಸ್ಟೀರಿಂಗ್ ಹಿಡಿದ ಹಾಗೆ ಹಿಡ್ಕೊಂಡಿದ್ರಿ. ದೊಡ್ಡ ಗಾಡಿ ಓಡಿಸ್ತೀರಾ?"

"ಓಡಿಸ್ತಿದ್ದೆ," ಎಂದಳು. ಕಣ್ಣಿಗೆ ನೀರು ಬಂತು. ಛೆ, ಗುರುತಿಲ್ಲದವನ ಎದುರು!

---

ಎರಡನೇ ವಾರದ ಹೊತ್ತಿಗೆ ಅವಳು ದೋಣಿಯಲ್ಲಿ ಕೂತಾಗ ಸೇತುವೆಯ ಕಡೆ ತಲೆಯೆತ್ತಿ ನೋಡುವಷ್ಟಾದಳು.

ಡಿಪೋದ ಮೇಲ್ವಿಚಾರಕಿ ರೇಲೀನ್ ಗಮನಿಸಿದಳು. ಮೂವತ್ತು ವರ್ಷ ಬಸ್ ಓಡಿಸಿ ದನಿಯೂ ಡೀಸೆಲ್ ಎಂಜಿನ್ ತರಹವೇ ಆಗಿದ್ದ ಹೆಂಗಸು.

"ಏನೇ, ಬಸ್ ತೊಳೀತಾ ಹಾಡು ಗುನುಗ್ತಿದ್ದೀಯ? ತಲೆಗೆ ಕಾಂತ ಇಟ್ರಾ, ಗಂಡು ಇಟ್ರಾ?"

"ನಿನ್ನ ನಾಲಿಗೆಗೆ ಕಾಂತ ಇಡಬೇಕು, ರೇಲೀನ್!"

ಕೆನ್ನೆ ಮಾತ್ರ ಕೆಂಪಾಗಿತ್ತು.

ಅದೇ ಬುಧವಾರ ಮಧ್ಯಾಹ್ನ ದೋಣಿ ಕಟ್ಟೆಯ ಬೆಂಚಿನ ಮೇಲೆ ಫರ್ಗಸ್ ಕೂತಿದ್ದ. ಕೈಯಲ್ಲಿ ಚಿಪ್ಪುಮೀನು ತುಂಬಿದ ಸ್ಕ್ಯಾಲಪ್ ಪೈ. ಅವಳನ್ನು ಕಂಡು ಗಲಿಬಿಲಿಗೊಂಡ, ಎದ್ದು ಹೋಗಬೇಕೋ ಕೂರಬೇಕೋ ತಿಳಿಯದವನಂತೆ.

"ಏನ್ರೀ, ನನ್ನ ಕಂಡ್ರೆ ದೆವ್ವ ಕಂಡ ಹಾಗೆ ಆಡ್ತೀರಾ?"

"ಇಲ್ಲ... ಹೊರಗಡೆ ನಾವು ಮಾತಾಡಬಾರದು ಅಂತ ನಿಯಮ..."

"ಹಾಗಾದ್ರೆ ಮಾತಾಡಬೇಡಿ. ಪೈ ಕೊಡಿ."

ಅವನು ಅರ್ಧ ಮುರಿದು ಕೊಟ್ಟ. ಚಳಿಗೆ ಬಿಸಿ ಪೈ, ಒಳಗೆ ಹಳದಿ ಮಸಾಲೆಯ ಗೊಜ್ಜು. ಇಬ್ಬರೂ ನದಿ ನೋಡುತ್ತಾ ತಿಂದರು.

ಸ್ವಲ್ಪ ಹೊತ್ತಿಗೆ ಅವನೇ ತಡೆಯಲಾರದೆ ಕೇಳಿದ. "ಬಸ್ ಓಡಿಸೋದು ಬಿಟ್ಟ ಮೇಲೆ ಏನು ತುಂಬಾ ನೆನಪಾಗುತ್ತೆ ನಿಮಗೆ?"

ಮಾರ್ನಿ ಯೋಚಿಸಿದಳು. "ಇಳಿಯುವಾಗ ಎಲ್ಲರೂ 'ಥ್ಯಾಂಕ್ಸ್, ಡ್ರೈವರ್' ಅಂತಾರಲ್ಲ, ಅದು. ಬಸ್ ತೊಳೆಯೋಳಿಗೆ ಯಾರೂ ಹೇಳಲ್ಲ."

"ಎಲ್ಲರೂ ಅದೇ ಎರಡು ಮಾತು. ಕೇಳಿ ಕೇಳಿ ಸಾಕಾಗಲ್ವಾ?"

"ಯಾಕೆ ಸಾಕಾಗುತ್ತೆ? ಮಾತು ಒಂದೇ ಆದ್ರೂ ಹೇಳೋರು ಬೇರೆ ಬೇರೆ. ಮನಸಿಟ್ಟು ಹೇಳಿದ್ದು ಯಾವುದು ಅಂತ ಬೆನ್ನಿಗೇ ಗೊತ್ತಾಗುತ್ತೆ."

ಫರ್ಗಸ್ ತುಂಬಾ ಹೊತ್ತು ಅವಳ ಮುಖವನ್ನೇ ನೋಡಿದ. ಆ ನೋಟಕ್ಕೆ ಮಾರ್ನಿ ಬೆಂಚಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಳು. ಹೆದರಿಕೆಯಿಂದಲ್ಲ. ಎಷ್ಟೋ ದಿನಗಳ ಮೇಲೆ, ಹೆದರಿಕೆಯಿಂದಲ್ಲ!

*ಇವನು ಒಳ್ಳೆಯವನಿರಬಹುದಾ?* ಎಂದುಕೊಂಡಳು. ಮರುಕ್ಷಣವೇ ತನ್ನ ಮನಸ್ಸನ್ನು ತಾನೇ ಗದರಿಸಿದಳು.

---

ಮರುದಿನ, ಹನ್ನೊಂದನೇ ಸರದಿ. ದೋಣಿ ಬೇಗ ಬಂದಿತ್ತು. ಮಾರ್ನಿ ಕಾಯುವ ಕೋಣೆಯಲ್ಲಿ ಕೂತಳು. ಚಿಕಿತ್ಸೆ ಕೋಣೆಯ ಬಾಗಿಲು ಒಂದು ಗೇಣು ತೆರೆದಿತ್ತು.

ಒಳಗೆ ಬೇರೆ ಯಾರೋ ಹೆಂಗಸು. ಫರ್ಗಸ್‌ನ ದನಿ ಕೇಳಿಸಿತು.

"ಸದ್ದು ಜೋರಾಗಿರುತ್ತೆ. ನೋವಾದ್ರೆ ಕೈ ಎತ್ತಿ. ನಾನು ಇಲ್ಲೇ ಇದ್ದೀನಿ, ಎಲ್ಲಿಗೂ ಹೋಗಲ್ಲ."

ಮಾರ್ನಿಯ ಕಿವಿ ಗುಂಯ್ ಎಂದಿತು.

ಅದೇ ಮಾತು. ಒಂದಕ್ಷರವೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಬಾಗಿಲ ಸಂದಿಯಿಂದ ನೋಡಿದಳು. ಅವನ ಕೈಯಲ್ಲಿ ಪ್ಲಾಸ್ಟಿಕ್ ಹೊದಿಸಿದ ಒಂದು ಕಾರ್ಡ್ ಇತ್ತು. ನೋಡಿಕೊಂಡು ಓದುತ್ತಿದ್ದ!

*ಅಯ್ಯೋ ನನ್ನ ಪೆದ್ದುತನವೇ! ಹತ್ತು ದಿನದಿಂದ ಯಾರೋ ಅಚ್ಚು ಹಾಕಿಸಿದ ಮಾತನ್ನ ಎದೆಗೆ ಅವಚಿಕೊಂಡು ಓಡಾಡಿದೆನಲ್ಲ!*

ತನ್ನ ಸರದಿ ಬಂದಾಗ ಕುರ್ಚಿಯಲ್ಲಿ ಕೂರಲೇ ಇಲ್ಲ. ಕೈ ಚಾಚಿದಳು.

"ಆ ಕಾರ್ಡ್ ಕೊಡಿ ಇಲ್ಲಿ."

ಫರ್ಗಸ್ ಬಿಳಿಚಿಕೊಂಡ. ಕೊಟ್ಟ. ಮೊದಲ ಸಾಲು ಸದ್ದಿನದು, ಎರಡನೆಯದು ನೋವಿನದು. ಮೂರನೇ ಸಾಲಲ್ಲಿ ಅದೇ ಇತ್ತು.

"ಓದ್ತಿದ್ರಿ! ಮೊದಲ ದಿನದಿಂದ!"

"ಎಲ್ಲರಿಗೂ ಒಂದೇ ಮಾತು ಹೇಳಬೇಕು, ಮಾರ್ನಿ. ಒಬ್ಬರಿಗೆ ಹೆಚ್ಚು ಪ್ರೀತಿಯಿಂದ ಹೇಳಿದ್ರೆ, ಅವರು ಗುಣ ಆಗಿದ್ದು ಯಂತ್ರದಿಂದಲೋ ಆ ಮಾತಿನಿಂದಲೋ ಅಂತ ಗೊತ್ತಾಗೋದಿಲ್ಲ. ಅದಕ್ಕೇ ಕಾರ್ಡ್."

"ಸ್ಟೀರಿಂಗ್ ಹಿಡಿದ ಹಾಗೆ ಹಿಡ್ಕೊಂಡಿದ್ರಿ ಅಂದಿದ್ದು? ಅದೂ ಕಾರ್ಡಲ್ಲಿದೆಯಾ? ಪೈ ಕೊಟ್ಟಿದ್ದು ಎಷ್ಟನೇ ಸಾಲು?"

ಅವನ ಕಿವಿ ಕೆಂಪಾಯಿತು. ಬಾಯಿ ತೆರೆದ, ಮುಚ್ಚಿದ. 

ತಪ್ಪಿತಸ್ಥರು ಹೀಗೇ ಸುಮ್ಮನಾಗುವುದು ಎಂದು ಮಾರ್ನಿ ತೀರ್ಮಾನಿಸಿಬಿಟ್ಟಳು.

"ಇನ್ನೊಂದು ಹೇಳಿ. ನನಗೆ ಸಿಗ್ತಿರೋದು ಬರೀ ಸದ್ದು ಅಲ್ವಾ? ನಿಮಗೆ ಗೊತ್ತು ತಾನೇ?"

"ದೇವರಾಣೆ ಗೊತ್ತಿಲ್ಲ. ನಿಮ್ಮ ನಂಬರಿನ ಕೀಲಿ ಯಂತ್ರಕ್ಕೆ ಚುಚ್ತೀನಿ. ನಿಜವೋ ಸುಳ್ಳೋ ಅದಕ್ಕೊಂದಕ್ಕೇ ಗೊತ್ತು. ಇಡೀ ಅಧ್ಯಯನ ಮುಗಿಯೋವರೆಗೆ ನನಗೂ ತಿಳಿಯಲ್ಲ."

"ಕಿವಿಗೆ ಹೂ ಇಡಬೇಡಿ!"

"ಮಾರ್ನಿ..."

"ಶುರು ಮಾಡಿ. ನನಗೆ ದೋಣಿಗೆ ಹೊತ್ತಾಗುತ್ತೆ."

ಅಂದು ಫರ್ಗಸ್ ಕಾರ್ಡನ್ನು ಓದಿದ. ಮೂರನೇ ಸಾಲಿಗೆ ಬಂದಾಗ ಅವನ ದನಿ ನಡುಗಿತು. ಮಾರ್ನಿ ಕಿವಿಗೆ ಬೆಣೆ ಒತ್ತಿಕೊಂಡಿದ್ದಳು. ಕೇಳಿಸಲಿಲ್ಲ.

ಶುಕ್ರವಾರ ಹೊರಡುವಾಗ ಅವನು ಬಾಗಿಲವರೆಗೂ ಬಂದ.

"ಮಾರ್ನಿ... ಸೋಮವಾರ..."

"ಏನು ಸೋಮವಾರ?"

ಅವನು ತುಟಿ ಕಚ್ಚಿಕೊಂಡ. "ಏನಿಲ್ಲ. ಹುಷಾರಾಗಿ ಹೋಗಿ."

ಸೋಮವಾರ ಆ ಕೋಣೆಯಲ್ಲಿ ಅವನಿರಲಿಲ್ಲ. ಕನ್ನಡಕದ ಒಬ್ಬ ಹೆಂಗಸು ಕಾರ್ಡ್ ಹಿಡಿದು ನಿಂತಿದ್ದಳು. "ನಾನು ಇಲ್ಲೇ ಇದ್ದೀನಿ, ಎಲ್ಲಿಗೂ ಹೋಗಲ್ಲ," ಎಂದು ಓದಿದಳು, ದಿನಸಿ ಪಟ್ಟಿ ಓದಿದಂತೆ.

ಮಾರ್ನಿ ನೇರ ಡಾ. ಆಡ್ರಿ ಕ್ವಿಲ್ ಅವರ ಕೋಣೆಗೆ ನುಗ್ಗಿದಳು. ಇಡೀ ಅಧ್ಯಯನ ನಡೆಸುವ ಹಿರಿಯ ವೈದ್ಯೆ ಅವರು.

"ಫರ್ಗಸ್ ಎಲ್ಲಿ?"

"ನಿಮ್ಮ ಚಿಕಿತ್ಸೆಯಿಂದ ಬಿಡಿಸಿ ಅಂತ ಅವರೇ ಕೇಳಿಕೊಂಡ್ರು, ಮಾರ್ನಿ."

"ಅವರೇ?"

"ಅವರೇ. ಇದಕ್ಕಿಂತ ಹೆಚ್ಚು ನಾನೀಗ ಹೇಳೋ ಹಾಗಿಲ್ಲ."

ಹೇಳಬೇಕಾದದ್ದೂ ಇರಲಿಲ್ಲ. ಎಲ್ಲಿಗೂ ಹೋಗಲ್ಲ ಎಂದು ಹನ್ನೆರಡು ಸಲ ಹೇಳಿದವನು ಹದಿಮೂರನೇ ದಿನ ಹೋಗಿದ್ದ.

ದೋಣಿಯಲ್ಲಿ ಕಿಟಕಿಗೆ ಹಣೆ ಆನಿಸಿ ಬಿಕ್ಕಿ ಬಿಕ್ಕಿ ಅತ್ತಳು ಮಾರ್ನಿ. ಡ್ಯಾರೆಲ್ ಹೋದಾಗಲೂ ಹೀಗೆ ಅತ್ತಿರಲಿಲ್ಲ.

---

ಛಲಕ್ಕೆ ಬಿದ್ದು ಇಪ್ಪತ್ತು ದಿನ ಮುಗಿಸಿದಳು.

ವಿಚಿತ್ರವೆಂದರೆ, ಮನಸ್ಸು ಮುರಿದಿದ್ದರೂ ಆತಂಕ ಇಳಿಯುತ್ತಲೇ ಹೋಯಿತು. ಜೂನ್ ಕೊನೆಗೆ ನಿದ್ದೆ ಬರತೊಡಗಿತು. ಜುಲೈಯಲ್ಲಿ ರೇಲೀನ್ ಅವಳನ್ನು ಪಕ್ಕದ ಬಡಾವಣೆಗಳ ಸಣ್ಣ ರೂಟಿಗೆ ಹಾಕಿದಳು. ಸ್ಟೀರಿಂಗ್ ಹಿಡಿದಳು, ಓಡಿಸಿದಳು. ಸೇತುವೆಯೊಂದನ್ನು ಬಿಟ್ಟು.

ಆದರೆ ಅನುಮಾನ ಬಿಡಬೇಕಲ್ಲ?

*ನನಗೆ ಸಿಕ್ಕಿದ್ದು ಬರೀ ಸದ್ದು. ಹಾಗಾದರೆ ಈ ಧೈರ್ಯವೂ ಸುಳ್ಳು. ಸೇತುವೆ ನೆತ್ತಿಗೆ ಹೋದ ಕೂಡಲೇ ಬಣ್ಣ ಬಯಲಾಗುತ್ತದೆ.*

ಆಗಸ್ಟಿನ ಕೊನೆಯ ವಾರ, ಗಡುವಿನ ದಿನ ಬಂದೇ ಬಂತು. ಸಂಜೆ ನಾಲ್ಕು ಹತ್ತರ ಬಸ್, ಎಲಿಜಬೆತ್ ಸ್ಟ್ರೀಟಿನಿಂದ ಸೇತುವೆ ಮೇಲೆ ಆ ದಡದ ಬೆಲರೀವ್‌ಗೆ. ಬಸ್ಸಿನಲ್ಲಿ ರೇಲೀನ್ ಕೂತು ನೋಡಿ ಸಹಿ ಹಾಕಬೇಕು.

ಅದೇ ಬೆಳಿಗ್ಗೆ ಡಾ. ಕ್ವಿಲ್ ಹತ್ತಿರ ಮೂರು ತಿಂಗಳ ಕೊನೆಯ ತಪಾಸಣೆ. ಪ್ರಶ್ನೆಗಳ ಹಾಳೆಯ ತುದಿಯಲ್ಲಿ ಒಂದು ಪ್ರಶ್ನೆಯಿತ್ತು. ನಿಮಗೆ ಸಿಕ್ಕಿದ್ದು ನಿಜವಾದ ಚಿಕಿತ್ಸೆಯೋ, ಬರೀ ಸದ್ದೋ? ಏನನ್ನಿಸುತ್ತದೆ? ಕಾರಣ ಬರೆಯಿರಿ.

ಮಾರ್ನಿ ಪೆನ್ನು ಒತ್ತಿ ಬರೆದಳು. 'ಬರೀ ಸದ್ದು. ಯಂತ್ರದ್ದೂ, ಮನುಷ್ಯನದ್ದೂ.'

ಡಾ. ಕ್ವಿಲ್ ಅದನ್ನು ಓದಿ ಕನ್ನಡಕ ತೆಗೆದರು.

"ಮಾರ್ನಿ, ಈ ಹಾಳೆ ಕೊಟ್ಟ ಕ್ಷಣಕ್ಕೆ ಅಧ್ಯಯನದಲ್ಲಿ ನಿಮ್ಮ ಪಾಲು ಮುಗೀತು. ಸದ್ದೋ ನಿಜವೋ ಅನ್ನೋದು ಮುಂದಿನ ವರ್ಷವೇ ತಿಳಿಯೋದು, ನನಗೂ. ಆದ್ರೆ ಇನ್ನೊಂದು ವಿಷಯ ಇವತ್ತು ಕೊಡಬಹುದು." ಡ್ರಾಯರಿನಿಂದ ಒಂದು ಲಕೋಟೆ ತೆಗೆದರು. "ಬೇಕಾದ್ರೆ ಮಾತ್ರ ತಗೊಳ್ಳಿ. ಬೇಡ ಅಂದ್ರೆ ಹರಿದು ಹಾಕ್ತೀನಿ. ಹಾಗಂತ ಬರೆದವರೇ ಹೇಳಿದ್ದಾರೆ."

"ಇದೇನು ಹೊಸ ನಾಟಕ?"

"ನಿಯಮ," ಎಂದರು ಡಾ. ಕ್ವಿಲ್. "ಆತ ನಿಯಮದ ಮನುಷ್ಯ. ಪಾಪ, ಅದೇ ಅವನ ಕರ್ಮ."

ಡಿಪೋದ ಟೀ ಕೋಣೆಯಲ್ಲಿ ರೇಲೀನ್ ಎದುರು ಕೂತು ಲಕೋಟೆ ಒಡೆದಳು. ಮೇ ತಿಂಗಳ ತಾರೀಖು. ಅವನು ಕಾಣೆಯಾದ ಸೋಮವಾರದ ಹಿಂದಿನ ದಿನ.

'ಡಾ. ಕ್ವಿಲ್ ಅವರಿಗೆ,

ಇಪ್ಪತ್ತೇಳನೇ ನಂಬರಿನವರ ಚಿಕಿತ್ಸೆಯಿಂದ ನನ್ನನ್ನು ಬಿಡಿಸಬೇಕೆಂದು ಕೋರುತ್ತೇನೆ. ಕಾರಣ, ಕಾರ್ಡಿನ ಮೂರನೇ ಸಾಲನ್ನು ಉಳಿದವರಿಗೆ ಓದುತ್ತೇನೆ. ಇವರಿಗೆ ಮಾತ್ರ ಓದಲು ನನ್ನಿಂದಾಗುತ್ತಿಲ್ಲ, ಮನಸಾರೆ ಹೇಳಿಬಿಡುತ್ತಿದ್ದೇನೆ. ಇದು ತಪ್ಪು.

ಅವರಿಗೆ ಗುಣವಾದರೆ ಅದು ಯಂತ್ರದಿಂದ ಆಗಲಿ, ಇಲ್ಲವೇ ಅವರಿಂದಲೇ ಆಗಲಿ. ನನ್ನ ಮಾತಿನಿಂದ ಆಯಿತೇನೋ ಎಂಬ ಅನುಮಾನ ಅವರಿಗೆ ಬರಬಾರದು. ಮೊದಲೇ ಅವರಿಗೆ ಅನುಮಾನ ಜಾಸ್ತಿ.

ಕೊನೆಯ ತಪಾಸಣೆಯವರೆಗೆ ಅವರನ್ನು ಕಾಣುವುದಿಲ್ಲ, ಮಾತಾಡಿಸುವುದಿಲ್ಲ, ಕಾರಣವನ್ನೂ ಹೇಳುವುದಿಲ್ಲ. ಅದು ಮುಗಿದ ದಿನ, ಅವರು ಒಪ್ಪಿದರೆ, ಈ ಪತ್ರ ಕೊಡಿ. ಕೆಳಗೆ ನನ್ನ ಫೋನ್ ನಂಬರಿದೆ.

ದೋಣಿ ಕಟ್ಟೆಯಲ್ಲಿ ಅರ್ಧ ಪೈ ಕೊಟ್ಟದ್ದೂ ನಿಯಮ ಮೀರಿದ ತಪ್ಪೇ. ಅದಕ್ಕೆ ಪಶ್ಚಾತ್ತಾಪವಿಲ್ಲ.

ಫರ್ಗಸ್ ಒಗಿಲ್ವಿ'

ಮಾರ್ನಿ ಪತ್ರವನ್ನು ಮತ್ತೊಮ್ಮೆ ಓದಿದಳು. ಅವನು ಬಿಟ್ಟು ಹೋಗಿದ್ದಲ್ಲ... ಅವಳಿಗೋಸ್ಕರವೇ ದೂರ ನಿಂತಿದ್ದ. ಮೂರು ತಿಂಗಳು, ಅವಳಿಂದ ಶಾಪ ಹಾಕಿಸಿಕೊಂಡು!

ರೇಲೀನ್ ಪತ್ರ ಕಿತ್ತುಕೊಂಡು ಓದಿದಳು. ಓದಿ ಮೂಗು ಒರೆಸಿಕೊಂಡಳು. "ಆಫೀಸ್ ಅರ್ಜಿ ಬರೆದು ಪ್ರೀತಿ ಹೇಳಿದ ಗಂಡಸನ್ನ ನಾನು ನೋಡಿರಲಿಲ್ಲ ಕಣೇ. ರಜಾ ಚೀಟಿ ಇದ್ದ ಹಾಗಿದೆ!"

"ಇದೂ ಸುಳ್ಳಾಗಿದ್ರೆ?"

"ಸುಳ್ಳು ಹೇಳೋನು ಎದುರಿಗೆ ನಿಂತು ಬೆಣ್ಣೆ ಹಚ್ತಾನೆ. ಮೂರು ತಿಂಗಳು ಬಾಯಿಗೆ ಬೀಗ ಹಾಕ್ಕೊಂಡು ಕೂರಲ್ಲ. ಫೋನ್ ತೆಗಿ, ದಡ್ಡಿ!"

ಮಾರ್ನಿ ಸಂದೇಶ ಬರೆದಳು. ಅಳಿಸಿದಳು. ಮತ್ತೆ ಬರೆದಳು.

'ನಾಲ್ಕು ಹತ್ತರ ಬಸ್. ಎಲಿಜಬೆತ್ ಸ್ಟ್ರೀಟ್. ಬಂದು ಮುಖ ತೋರಿಸಿ. ಕಾರ್ಡ್ ತಂದ್ರೆ ಸೇತುವೆ ಮಧ್ಯ ಇಳಿಸ್ತೀನಿ.'

---

ಅವನು ಅದೇ ತೇಪೆ ಸ್ವೆಟರಿನಲ್ಲಿ ಬಂದ. ಗಡ್ಡ ಬೆಳೆದಿತ್ತು, ಮುಖ ಇಳಿದಿತ್ತು. ಬಸ್ ಹತ್ತಿ, ಟಿಕೆಟ್ ಯಂತ್ರದ ಮುಂದೆ ನಿಂತು, ಎರಡೂ ಅಂಗೈ ಬಿಡಿಸಿ ತೋರಿಸಿದ.

"ಖಾಲಿ. ಕಾರ್ಡ್ ಇಲ್ಲ."

"ಕೂತ್ಕೊ," ಎಂದಳು ಮಾರ್ನಿ.  ಯಾವಾಗ ಬಹುವಚನ ಬಿಟ್ಟಳೋ ಅವಳಿಗೇ ತಿಳಿಯಲಿಲ್ಲ.

ಎಡಗಡೆಯ ಮೊದಲ ಸೀಟಿನಲ್ಲಿ ಅವನು ಕೂತ. ಅವನ ಹಿಂದೆ ರೇಲೀನ್, ತೊಡೆ ಮೇಲೆ ಸಹಿ ಹಾಕುವ ಹಾಳೆ. ಬಸ್ ತುಂಬಿತು.

ಮೊದಲ ತಿರುವು, ಎರಡನೇ ತಿರುವು, ಎಲ್ಲ ಸರಿಯಿತ್ತು. ಸೇತುವೆಯ ಬುಡಕ್ಕೆ ಬಂದಾಗ ಮೇಲಿನ ದೀಪಗಳು ಕೆಂಪಾದವು.

ದೊಡ್ಡ ಹಡಗು ಬರುತ್ತಿತ್ತು. ಹಿಂದೆ ಒಮ್ಮೆ ಹಡಗು ಬಡಿದು ಸೇತುವೆಯೇ ಕುಸಿದಿತ್ತಲ್ಲ, ಆಮೇಲಿಂದ ದೊಡ್ಡ ಹಡಗು ಕೆಳಗೆ ದಾಟುವವರೆಗೂ ಮೇಲೆ ಒಂದು ಗಾಡಿಯನ್ನೂ ಬಿಡುವುದಿಲ್ಲ. ಕಾಯಬೇಕು.

ಬೇರೆ ದಿನವಾಗಿದ್ದರೆ ಸರಿ. ಇವತ್ತೇ ಬೇಕಿತ್ತೇ?

ಎದುರಿಗೆ ಖಾಲಿ ಸೇತುವೆ, ಆಕಾಶಕ್ಕೆ ಬೆನ್ನು ಬಾಗಿಸಿ ಮಲಗಿತ್ತು. ಒಂದು ನಿಮಿಷ. ಎರಡು ನಿಮಿಷ. ಮಾರ್ನಿಯ ಅಂಗೈ ಒದ್ದೆಯಾಯಿತು. ಎದೆ ಹೊಡೆದುಕೊಳ್ಳಲು ಶುರುವಾಯಿತು. ಬೆರಳುಗಳು ಬಿಗಿದವು.

*ಬಂತು... ಬಂದೇಬಿಟ್ಟಿತು. ಸುಳ್ಳು ಧೈರ್ಯ ಇಷ್ಟೇ!*

"ಮಾರ್ನಿ," ಹಿಂದಿನಿಂದ ರೇಲೀನ್ ಮೆಲ್ಲಗೆ ಕರೆದಳು. ಡೀಸೆಲ್ ದನಿ ಅಷ್ಟು ಮೆತ್ತಗಾಗಿದ್ದು ಅದೇ ಮೊದಲು. "ನಾನು ತಗೊಳ್ಳಲಾ?"

"ಬೇಡ."

ಕತ್ತು ತಿರುಗಿಸದೆ, ಹಲ್ಲು ಕಚ್ಚಿ ಹೇಳಿದಳು. "ಫರ್ಗಸ್. ಆ ಮೂರನೇ ಸಾಲು ಹೇಳು."

ಅವನು ಮುಂದಕ್ಕೆ ಬಾಗಿದ. ಅವನ ಮುಖದಲ್ಲೂ ಬೆವರು.

"ಹೇಳಲ್ಲ."

"ಏನು?"

"ಈಗ ಹೇಳಲ್ಲ, ಮಾರ್ನಿ. ಹೇಳಿದ್ರೆ ನಾಳೆ ಬೆಳಿಗ್ಗೆ ಎದ್ದು, 'ಅವನು ಹೇಳಿದ್ದಕ್ಕೆ ದಾಟಿದೆ, ನನ್ನಿಂದ ಆಗಿದ್ದಲ್ಲ' ಅಂತ ಶುರು ಮಾಡ್ತೀಯ. ನಿನ್ನ ನಾನು ನೋಡಿಲ್ವಾ?"

ಮಾರ್ನಿಗೆ ಮೈಯೆಲ್ಲಾ ಉರಿದುಹೋಯಿತು. "ಪ್ರಾಣ ಹೋಗ್ತಿದ್ರೂ ನಿಯಮವಾ ನಿನಗೆ?"

"ನಿಯಮ ಅಲ್ಲ. ಪ್ರೀತಿ."

 ಮೂರನೇ ಸಾಲಿನ ಸೀಟಿನಲ್ಲಿ ಲೀಕ್ ಸೊಪ್ಪಿನ ಚೀಲ ಹಿಡಿದಿದ್ದ ಅಜ್ಜಿಯೊಬ್ಬಳು ಕಿವಿಯ ಯಂತ್ರ ಸರಿಮಾಡಿಕೊಂಡಳು. "ಏನಂದ? ಜೋರಾಗಿ ಹೇಳಪ್ಪಾ, ಹಡಗು ಹೋಗೋವರೆಗೆ ನಮಗೇನು ಕೆಲಸ!"

ಎಲ್ಲರೂ ಗೊಳ್ಳೆಂದು ನಕ್ಕರು. ಮಾರ್ನಿಗೂ ಒಂದು ನಗೆಯ ತುಣುಕು ಗಂಟಲಿಗೆ ಬಂತು. ಅದರ ಹಿಂದೆಯೇ ಉಸಿರೂ ಬಂತು.

"ನನಗೆ ಸಿಕ್ಕಿದ್ದು ಬರೀ ಸದ್ದು ಅಂತ ಮುಂದಿನ ವರ್ಷ ಗೊತ್ತಾದ್ರೆ?" ಎಂದಳು.

"ಹಾಗಾದ್ರೆ ಇಲ್ಲಿವರೆಗೆ ಬಂದಿದ್ದು ಪೂರ್ತಿ ನೀನೇ."

"ನಿಜವಾದ ಮಿಡಿತ ಅಂತ ಗೊತ್ತಾದ್ರೆ?"

"ಆಗಲೂ ಸ್ಟೀರಿಂಗ್ ಹಿಡಿದಿರೋದು ಯಂತ್ರ ಅಲ್ಲ."

ಸೇತುವೆಯ ಆಚೆ ಹಡಗಿನ ತುದಿ ಕಂಡಿತು. ದೀಪ ಹಸಿರಾಯಿತು.

ಮಾರ್ನಿ ಇಂಡಿಕೇಟರ್ ಹಾಕಿದಳು. ಟಕ್... ಟಕ್... ಟಕ್... ಸೆಕೆಂಡಿಗೊಂದು. ಇಪ್ಪತ್ತು ದಿನ ಕೂತು ಕೇಳಿದ ಸದ್ದು. ನಿಜವೋ ಸುಳ್ಳೋ ಗೊತ್ತಿಲ್ಲ. ಗೊತ್ತಿಲ್ಲದೆಯೇ ಬ್ರೇಕ್ ಬಿಟ್ಟಳು.

ಬಸ್ ಏರಿತು. ಎದೆ ಹೊಡೆದುಕೊಳ್ಳುತ್ತಲೇ ಇತ್ತು, ಅವಳು ಓಡಿಸುತ್ತಲೇ ಇದ್ದಳು. ನೆತ್ತಿ ಬಂತು. ಅವತ್ತು ನಿಂತ ಜಾಗ. ಕೆಳಗೆ ನದಿ, ದೂರದಲ್ಲಿ ದೋಣಿ. ಕೈ ಅಂಟಿಕೊಳ್ಳಲಿಲ್ಲ. ಎಡಗೈ ಹೆಬ್ಬೆರಳನ್ನು ಸ್ಟೀರಿಂಗಿನಿಂದ ಎತ್ತಿ ಒಮ್ಮೆ ಅಲ್ಲಾಡಿಸಿ ನೋಡಿದಳು. ಅವಳ ಮಾತೇ ಕೇಳಿತು!

ಬಸ್ ಇಳಿಯತೊಡಗಿತು. ಆ ದಡ ಮುಟ್ಟಿದಾಗ ಮಾರ್ನಿಯ ಕೆನ್ನೆ ಪೂರ್ತಿ ಒದ್ದೆಯಾಗಿತ್ತು.

"ಸಹಿ ಹಾಕ್ದೆ!" ಎಂದು ಕಿರುಚಿದಳು ರೇಲೀನ್. "ನಾಳೆಯಿಂದ ಬಸ್ ತೊಳೆಯೋಕೆ ಬೇರೆ ಯಾರನ್ನಾದ್ರೂ ಹುಡುಕಬೇಕು, ಹಾಳಾದವಳೇ!"

ಒಂದೊಂದೇ ಸ್ಟಾಪ್. ಒಬ್ಬೊಬ್ಬರೇ ಇಳಿದರು.

"ಥ್ಯಾಂಕ್ಸ್, ಡ್ರೈವರ್."

"ಥ್ಯಾಂಕ್ಸ್, ಡ್ರೈವರ್."

ಲೀಕ್ ಅಜ್ಜಿ ಅವಳ ಭುಜ ತಟ್ಟಿದಳು. "ಥ್ಯಾಂಕ್ಸ್ ಡ್ರೈವರ್. ಹುಡುಗ ಪರವಾಗಿಲ್ಲ. ಗಡ್ಡ ಬೋಳಿಸೋಕೆ ಹೇಳು."

ಬೆಲರೀವ್. ಕೊನೆಯ ಸ್ಟಾಪ್. ರೇಲೀನ್ ಎಂದೂ ಇಲ್ಲದ ಅವಸರದಲ್ಲಿ ಕಾಫಿ ತರುತ್ತೇನೆಂದು ಇಳಿದುಹೋದಳು. ಬಸ್ಸಿನಲ್ಲಿ ಇಬ್ಬರೇ.

ಫರ್ಗಸ್ ಎದ್ದು ಬಂದು ಅವಳ ಪಕ್ಕ ನಿಂತ.

"ಥ್ಯಾಂಕ್ಸ್, ಡ್ರೈವರ್."

ಮಾರ್ನಿ ಮೂಗು ಮುರಿದಳು. "ಎಲ್ಲರೂ ಹೇಳೋ ಮಾತೇ ಹೇಳ್ತೀಯ?"

"ಮನಸಿಟ್ಟು ಹೇಳಿದ್ದು ಬೆನ್ನಿಗೇ ಗೊತ್ತಾಗುತ್ತೆ ಅಂದಿದ್ದೆ ನೀನು."

ಅವಳಿಗೆ ಗೊತ್ತಾಗಿತ್ತು.

"ಇದು ಕೊನೇ ಸ್ಟಾಪ್," ಎಂದಳು, ದನಿ ಗಟ್ಟಿ ಮಾಡಿಕೊಂಡು. "ಇಳೀಬೇಕು."

ಅವನು ಇಳಿಯಲಿಲ್ಲ. ಜೇಬಿಗೆ ಕೈ ಹಾಕಲಿಲ್ಲ, ಯಾವ ಕಾರ್ಡನ್ನೂ ನೋಡಲಿಲ್ಲ. ಅವಳ ಕಣ್ಣಲ್ಲಿ ಕಣ್ಣಿಟ್ಟು ಹೇಳಿದ.

"ನಾನು ಇಲ್ಲೇ ಇದ್ದೀನಿ, ಮಾರ್ನಿ. ಎಲ್ಲಿಗೂ ಹೋಗಲ್ಲ."

ಮಾರ್ನಿ ಅವನ ಮುಖವನ್ನು ಪರೀಕ್ಷಿಸಿ ನೋಡಿದಳು, ಹಾಲಿನ ಬಾಟಲಿಯ ತಾರೀಖು ನೋಡುವ ಹಾಗೆ, ಒಂದು ಸಲ. ಎರಡನೇ ಸಲ ನೋಡಬೇಕೆನಿಸಲಿಲ್ಲ.

ಗುಂಡಿ ಒತ್ತಿ ಬಸ್ಸಿನ ಬಾಗಿಲು ಮುಚ್ಚಿದಳು. ಅವನ ತೇಪೆ ಸ್ವೆಟರಿನ ತೋಳು ಹಿಡಿದು ಹತ್ತಿರ ಎಳೆದುಕೊಂಡಳು.

"ನಾನು ಹೋಗ್ತೀನಲ್ಲ, ಐದು ನಿಮಿಷಕ್ಕೆ ಮತ್ತೆ ಸೇತುವೆ ಮೇಲೆ," ಎಂದಳು ಅವನ ಎದೆಗೆ ಮುಖ ಒತ್ತಿ.

"ಹಾಗಾದ್ರೆ ನಾನೂ."

"ವಾಪಸ್ಸಿಗೂ ಟಿಕೆಟ್ ತಗೋಬೇಕು."

"ತಗೋತೀನಿ."

"ನಾಳೆಗೂ?"

"ನಾಳೆಗೂ."